66 ಅಡಿ ಸರಪಳಿಯ ಪಾದ್ರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ಜಮೀನು ಅಳತೆ ಲೇಖನದಲ್ಲಿ, ಹೊಲ ಅಳೆಯುವ 66 ಅಡಿ ಸರಪಳಿಯನ್ನು ರೂಪಿಸಿದ ಎಡ್ಮಂಡ್ ಗುಂಟರ್ ಎಂಬ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಅದನ್ನು ಹಿಡಿದು ಮೈಸೂರು, ಮಂಡ್ಯ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಪೋಡಿ (ಜಮೀನು ವಿಭಜನೆ), ಹದ್ದುಬಸ್ತು (ಗಡಿ ಗುರುತಿಸುವಿಕೆ) ಅರ್ಜಿಗಳ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಈ ಗುಂಟರ್ ಇಂಗ್ಲೆಂಡಿನ ಸರ್ವೆ ಇಲಾಖೆಯವನೇ? ಅವನ ಹೆಸರು ಸರಪಳಿಗೆ ಹೇಗೆ ಅಂಟಿತು?
(ಮದ್ದೂರು)

ಇಲಾಖೆಯವನಲ್ಲ. ಅವನ ಕಾಲಕ್ಕೆ ಅಲ್ಲಿ ಅಂಥ ಇಲಾಖೆಯೇ ಇರಲಿಲ್ಲ. ಗುಂಟರ್ ಪಾದ್ರಿ, ಜೊತೆಗೆ ಗಣಿತದವನು. ಹುಟ್ಟಿದ್ದು 1581ರಲ್ಲಿ, ಹರ್ಟ್‌ಫರ್ಡ್‌ಶೈರ್‌ನಲ್ಲಿ. ವೆಸ್ಟ್‌ಮಿನ್‌ಸ್ಟರ್ ಶಾಲೆ, ಆಮೇಲೆ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜು. 1615ರಲ್ಲಿ ಲಂಡನ್ ಪಕ್ಕದ ಸದರ್ಕ್‌ನ ಸೇಂಟ್ ಜಾರ್ಜ್ ಚರ್ಚಿಗೆ ಪಾದ್ರಿಯಾದ. 1620ರಲ್ಲಿ ಲಂಡನ್ನಿನ ಗ್ರೆಶಮ್ ಕಾಲೇಜಿನಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕನಾಗಿ, 1626ರ ಡಿಸೆಂಬರ್ 10ರಂದು ಸಾಯುವವರೆಗೂ ಅಲ್ಲೇ ಇದ್ದ. ಹಡಗಿನವರು, ಬಡಗಿಗಳು, ಜಮೀನು ಅಳೆಯುವವರು ಬಂದು ಪುಕ್ಕಟೆಯಾಗಿ ಪಾಠ ಕೇಳಬಹುದಾಗಿದ್ದ ಕಾಲೇಜು ಅದು. ಗುಂಟರನ ಕೆಲಸವೆಲ್ಲ ಅಂಥವರ ಕೈಗೆ ಒದಗುವ ಹಾಗೆ ಇದ್ದದ್ದಕ್ಕೆ ಇದೂ ಒಂದು ಕಾರಣ.

ಆಗ ಇಂಗ್ಲೆಂಡಿನಲ್ಲಿ ಜಮೀನು ಅಳತೆಗೆ ಹಠಾತ್ ಬೇಡಿಕೆ ಬಂದಿತ್ತು. 1536ರಿಂದ 1540ರೊಳಗೆ ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದ. ಅವುಗಳ ಭೂಮಿ ಮಾರಾಟಕ್ಕೆ ಬಿತ್ತು. ಕೊಂಡವರಿಗೆ ಎಷ್ಟು ಎಕರೆ, ಎಷ್ಟು ಗೇಣಿ ಎಂಬ ಲೆಕ್ಕ ಬೇಕಾಯಿತು. ಅಳೆಯುವವರಿಗೆ ಕೋಲು, ಹಗ್ಗ ಹಿಡಿಯಲು ಬರುತ್ತಿತ್ತು, ದೊಡ್ಡ ಗುಣಾಕಾರ ಬರುತ್ತಿರಲಿಲ್ಲ. ಗುಂಟರ್ ಕೈ ಹಾಕಿದ್ದು ಆ ಗುಣಾಕಾರಕ್ಕೆ.

ಪಂಡಿತರಿಗೆ ಇದು ರುಚಿಸಿತೆಂದಲ್ಲ. ಆಕ್ಸ್‌ಫರ್ಡಿನ ಹೊಸ ರೇಖಾಗಣಿತ ಪೀಠಕ್ಕೆ ಆರಿಸಲು ಸರ್ ಹೆನ್ರಿ ಸ್ಯಾವಿಲ್ ಇವನನ್ನು ಕರೆಸಿದಾಗ, ಈತ ತನ್ನ ಉಪಕರಣಗಳನ್ನು ಹರಡಿಕೊಂಡು ತ್ರಿಕೋನ ಬಿಡಿಸಿ ತೋರಿಸತೊಡಗಿದನಂತೆ. ಇದು ರೇಖಾಗಣಿತವಲ್ಲ, ಕೈಚಳಕ ಎಂದು ಸ್ಯಾವಿಲ್ ಅವನನ್ನು ಸಾಗಹಾಕಿ, ಪೀಠವನ್ನು ಹೆನ್ರಿ ಬ್ರಿಗ್ಸ್‌ಗೆ ಕೊಟ್ಟ ಎಂದು ಆ ಶತಮಾನದ ಜೀವನಚರಿತ್ರೆಕಾರ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ಬ್ರಿಗ್ಸ್ ದೊಡ್ಡ ಗಣಿತಜ್ಞ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ 300 ವರ್ಷ ಹೊಲ ಗದ್ದೆಯಲ್ಲಿ ಓಡಾಡಿದ್ದು ಆ ಕೈಚಳಕದವನ ಸಾಮಾನು.

ಸರಪಳಿ 66 ಅಡಿಯೇ ಯಾಕೆ? ದುಂಡಗೆ 50 ಅಥವಾ 100 ಅಡಿ ಇಡಬಹುದಿತ್ತಲ್ಲ?
(ಪಾಂಡವಪುರ)

ಎಕರೆ ಅವನಿಗಿಂತ ಹಳೆಯದು, ಅದನ್ನು ಬದಲಿಸುವ ಅಧಿಕಾರ ಅವನಿಗಿರಲಿಲ್ಲ. ಇಂಗ್ಲೆಂಡಿನ ಅಳತೆಗೋಲು 16½ ಅಡಿ. ಎಕರೆ ಎಂದರೆ ಅಂಥ 40 ಕೋಲು ಉದ್ದ, 4 ಕೋಲು ಅಗಲ, ಅಂದರೆ 660 ಅಡಿಗೆ 66 ಅಡಿ. ಆ ಅಗಲವನ್ನೇ ಗುಂಟರ್ ಒಂದು ಸರಪಳಿ ಮಾಡಿದ. ಆಗ 10 ಚದರ ಸರಪಳಿ ಸೇರಿದರೆ ಒಂದು ಎಕರೆ, 43,560 ಚದರ ಅಡಿ. ಇನ್ನು ಸರಪಳಿಯನ್ನು ಅಡಿಗಳಾಗಿ ಒಡೆಯದೆ 100 ಕೊಂಡಿಗಳಾಗಿ ಒಡೆದ. ಒಂದು ಕೊಂಡಿ 7.92 ಅಂಗುಲ, ವಿಚಿತ್ರ ಅಳತೆ. ಆದರೆ ಹೊಲದಲ್ಲಿ ನಿಂತವನು ಅಂಗುಲ ನೋಡಬೇಕಾಗಿಯೇ ಇಲ್ಲ, ಕೊಂಡಿ ಎಣಿಸಿದರೆ ಸಾಕು.

ಲೆಕ್ಕ ಹೀಗೆ. ಹೊಲ 648 ಕೊಂಡಿ ಉದ್ದ, 375 ಕೊಂಡಿ ಅಗಲ ಎನ್ನಿ. ಗುಣಿಸಿದರೆ 2,43,000. ಒಂದು ಎಕರೆಗೆ ಒಂದು ಲಕ್ಷ ಚದರ ಕೊಂಡಿ. ಬಲದಿಂದ ಐದು ಸ್ಥಾನ ಬಿಟ್ಟು ಚುಕ್ಕಿ ಇಟ್ಟರೆ 2.43 ಎಕರೆ, ಮುಗಿಯಿತು. ಇದೇ ಹೊಲವನ್ನು ಅಡಿಯಲ್ಲಿ ಅಳೆದಿದ್ದರೆ 427 ಅಡಿ 8 ಅಂಗುಲ ಚಿಲ್ಲರೆ, 247 ಅಡಿ 6 ಅಂಗುಲ. ಅವನ್ನು ಗುಣಿಸಿ 43,560ರಿಂದ ಭಾಗಿಸಬೇಕು.

ದಶಮಾಂಶ ಸರಪಳಿಯ ಯೋಚನೆ ಪೂರ್ತಿ ಅವನದೇ ಎನ್ನುವಂತಿಲ್ಲ. ಆರನ್ ರಾತ್‌ಬೋರ್ನ್ ಎಂಬ ಸರ್ವೆಯರ್ 1616ರಲ್ಲೇ ಕೋಲನ್ನು ಹತ್ತು ಹತ್ತಾಗಿ ಒಡೆಯುವ ಸರಪಳಿಯನ್ನು ವಿವರಿಸಿದ್ದ. ಆದರೆ ಅದರಲ್ಲಿ ಎಕರೆಗೆ ಬರಲು ಮತ್ತೆ 160ರಿಂದ ಭಾಗಿಸಬೇಕಿತ್ತು. ಗುಂಟರನದು ನೇರವಾಗಿ ಎಕರೆಗೇ ತಲುಪುತ್ತದೆ. ಉಳಿದುಕೊಂಡದ್ದು ಅದೇ.

ನಮ್ಮ ಕಾಲೇಜಿನ ಉಗ್ರಾಣದಲ್ಲಿ ಹಳೆಯ ಸರಪಳಿಯೊಂದು ಸಿಕ್ಕಿದೆ. ಗುಂಟರನದೇ ಎಂದು ಗುರುತಿಸುವುದು ಹೇಗೆ? ಹುಡುಗರಿಗೆ ಬಳಸಿ ತೋರಿಸಬಹುದೇ?
(ನಾಗಮಂಗಲ)

ಕೊಂಡಿ ಎಣಿಸಿ ನಿರ್ಧರಿಸಬೇಡಿ. ಗುಂಟರನದಕ್ಕೂ 100 ಕೊಂಡಿ, ಇಂಜಿನಿಯರುಗಳ 100 ಅಡಿ ಸರಪಳಿಗೂ 100 ಕೊಂಡಿ, 20 ಮೀಟರ್ ಸರಪಳಿಗೂ 100 ಕೊಂಡಿ. ಒಂದು ಕೊಂಡಿ ಒಂದು ಅಡಿ ಇದ್ದರೆ ಇಂಜಿನಿಯರುಗಳದ್ದು, ತಕ್ಷಣ ಗೊತ್ತಾಗುತ್ತದೆ. ಮೋಸ ಆಗುವುದು ಉಳಿದ ಎರಡರ ನಡುವೆ. 66 ಅಡಿ ಎಂದರೆ 20.12 ಮೀಟರ್. ಪಕ್ಕ ಪಕ್ಕ ಹಾಸಿದರೂ ಸುಮಾರು 12 ಸೆಂಟಿಮೀಟರ್ ವ್ಯತ್ಯಾಸ, ಕಣ್ಣಿಗೆ ಬೀಳುವುದು ಕಷ್ಟ. ಹಿತ್ತಾಳೆ ಬಿಲ್ಲೆಗಳನ್ನು ನೋಡಿ. ಗುಂಟರನದರಲ್ಲಿ ಪ್ರತಿ 10 ಕೊಂಡಿಗೊಂದು ಬಿಲ್ಲೆ ತೂಗುತ್ತದೆ. ಮೀಟರ್ ಸರಪಳಿಯಲ್ಲಿ ಪ್ರತಿ 5 ಮೀಟರಿಗೊಂದು ಬಿಲ್ಲೆ, ನಡುವೆ ಮೀಟರಿಗೊಂದು ಸಣ್ಣ ಉಂಗುರ.

ಗುಂಟರ್ ಸರಪಳಿಯ ಬಿಲ್ಲೆಗಳಿಗೆ ಹಲ್ಲುಗಳಿರುತ್ತವೆ: 10ಕ್ಕೆ ಒಂದು ಹಲ್ಲು, 20ಕ್ಕೆ ಎರಡು, 30ಕ್ಕೆ ಮೂರು, 40ಕ್ಕೆ ನಾಲ್ಕು, ನಡುವಿನ 50ಕ್ಕೆ ದುಂಡು ಬಿಲ್ಲೆ. ಅಲ್ಲಿಂದಾಚೆ ಮತ್ತೆ ನಾಲ್ಕು, ಮೂರು, ಎರಡು, ಒಂದು. ಯಾವ ತುದಿಯಿಂದ ಹಿಡಿದರೂ ಒಂದೇ ಆಗಲೆಂದು ಹೀಗೆ ಮಾಡಿದ್ದು. ಹುಡುಗರು ತಪ್ಪುವುದೂ ಇಲ್ಲಿಯೇ. ಮೂರು ಹಲ್ಲು ಕಂಡರೆ ಅದು 30 ಇರಬಹುದು, 70 ಇರಬಹುದು. ತಪ್ಪಿ ಬರೆದರೆ 40 ಕೊಂಡಿ, ಅಂದರೆ 26 ಅಡಿ ಮಾಯ. ಓದುವ ಮೊದಲು ದುಂಡು ಬಿಲ್ಲೆ ದಾಟಿತೋ ಇಲ್ಲವೋ ನೋಡಿಕೊಳ್ಳುವುದನ್ನು ಅಭ್ಯಾಸ ಮಾಡಿಸಿ. ಎರಡು ತುದಿಯ ಹಿತ್ತಾಳೆ ಹಿಡಿಗಳೂ ಅಳತೆಗೆ ಸೇರಿದವು. ಹಿಡಿಯ ಹೊರ ಅಂಚಿನಿಂದ ಹೊರ ಅಂಚಿಗೆ 66 ಅಡಿ.

ಎಳೆಯಲು ಇಬ್ಬರು ಬೇಕು, ಹತ್ತು ಕಬ್ಬಿಣದ ಕಡ್ಡಿ ಬೇಕು. ಎರಡು ತುದಿಗೂ ಗಳ ನೆಟ್ಟು ಗೆರೆ ಗೊತ್ತು ಮಾಡಿಕೊಳ್ಳಿ. ಮುಂದಿನವನು ಹತ್ತೂ ಕಡ್ಡಿ ಹಿಡಿದು ಹೊರಡುತ್ತಾನೆ. ಹಿಂದಿನವನು ತನ್ನ ಹಿಡಿಯನ್ನು ಗೂಟಕ್ಕೆ ಒತ್ತಿ ಹಿಡಿದು, ದೂರದ ಗಳ ನೋಡಿ ಅವನನ್ನು ಎಡಕ್ಕೆ ಬಲಕ್ಕೆ ಸರಿಸುತ್ತಾನೆ. ಸರಪಳಿ ಒಮ್ಮೆ ಮೇಲಕ್ಕೆ ಚಿಮ್ಮಿಸಿ, ಬಿಗಿ ಎಳೆದು, ಮುಂದಿನವನು ಕಡ್ಡಿ ನೆಡುತ್ತಾನೆ. ಮುಂದೆ ಹೋಗುವಾಗ ಹಿಂದಿನವನು ಆ ಕಡ್ಡಿ ಕಿತ್ತುಕೊಳ್ಳುತ್ತಾನೆ. ಅವನ ಕೈಯಲ್ಲಿ ಎಷ್ಟು ಕಡ್ಡಿಯೋ ಅಷ್ಟು ಸರಪಳಿ ಆಯಿತು. ಹತ್ತೂ ಸೇರಿದಾಗ ಪುಸ್ತಕದಲ್ಲಿ ಗುರುತು ಹಾಕಿ ಕಡ್ಡಿಗಳನ್ನು ಮುಂದಿನವನಿಗೆ ಮರಳಿಸಬೇಕು. ಹತ್ತು ಸರಪಳಿ ಒಂದು ಫರ್ಲಾಂಗು, ಎಂಬತ್ತು ಒಂದು ಮೈಲಿ.

ಲಂಬಗೆರೆಗೂ ಇದೇ ಸರಪಳಿ ಸಾಕು. ಗೆರೆಯ ಮೇಲೆ 40 ಕೊಂಡಿ ಅಂತರದಲ್ಲಿ ಎರಡು ಗೂಟ ಹೊಡೆಯಿರಿ. ಸರಪಳಿಯ ತುದಿಯನ್ನು ಮೊದಲ ಗೂಟಕ್ಕೂ 80ನೇ ಕೊಂಡಿಯನ್ನು ಎರಡನೆಯದಕ್ಕೂ ಹಿಡಿಸಿ, 30ನೇ ಕೊಂಡಿ ಹಿಡಿದು ಬಿಗಿಯಾಗಿ ಪಕ್ಕಕ್ಕೆ ಎಳೆಯಿರಿ. 30, 40, 50ರ ತ್ರಿಕೋನವಾಗುತ್ತದೆ, ಮೊದಲ ಗೂಟದಲ್ಲಿ ನೇರ ಮೂಲೆ ಸಿಗುತ್ತದೆ.

ಅಣ್ಣತಮ್ಮಂದಿರ ಪಾಲಿಗೆ ಮೂರು ಸಲ ಅಳೆಸಿದೆವು. ಮೂರು ಸಲವೂ ಬೇರೆ ಬೇರೆ ಲೆಕ್ಕ. ಸರಪಳಿ ಸುಳ್ಳು ಹೇಳುತ್ತದೆಯೇ?
(ಮಳವಳ್ಳಿ)

ಹೇಳುತ್ತದೆ, ಆದರೆ ಯಾವ ಕಡೆಗೆ ಹೇಳುತ್ತದೆ ಎಂಬುದು ಗೊತ್ತಿದ್ದರೆ ಹಿಡಿಯಬಹುದು.

ಮೊದಲನೆಯದು ಹಿಗ್ಗುವಿಕೆ. ಕೊಂಡಿಗೂ ಕೊಂಡಿಗೂ ನಡುವೆ ಮೂರು ಉಂಗುರ ಇದ್ದರೆ ನಾಲ್ಕು ಕಡೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ, ಒಂದೊಂದು ಕಡೆಯೂ ಎರಡು ಮೈ. ಇಡೀ ಸರಪಳಿಗೆ ಸುಮಾರು 800 ಉಜ್ಜುವ ಮೈಗಳಾದವು. ಒಂದೊಂದು ಮೈ ಅಂಗುಲದ ನೂರರಲ್ಲಿ ಒಂದು ಪಾಲು ಸವೆದರೂ ಸರಪಳಿ 8 ಅಂಗುಲ ಉದ್ದವಾಗುತ್ತದೆ. ಜೋರಾಗಿ ಎಳೆದರೆ ಉಂಗುರದ ಬಾಯಿಯೂ ತೆರೆದುಕೊಳ್ಳುತ್ತದೆ. ಉದ್ದವಾದ ಸರಪಳಿ ಜಮೀನನ್ನು ಕಡಿಮೆ ತೋರಿಸುತ್ತದೆ, ಮಾರುವವನಿಗೆ ನಷ್ಟ. 4 ಅಂಗುಲ ಹಿಗ್ಗಿದ ಸರಪಳಿ 2 ಎಕರೆ ಎಂದು ತೋರಿಸಿದ ಜಾಗ ನಿಜಕ್ಕೆ 2 ಎಕರೆ ಮತ್ತು ಸುಮಾರು 880 ಚದರ ಅಡಿ ಇರುತ್ತದೆ. ಲೆಕ್ಕ ಸರಿಪಡಿಸಲು ಸರಪಳಿಯ ಈಗಿನ ಉದ್ದವನ್ನು ಇರಬೇಕಾದ ಉದ್ದದಿಂದ ಭಾಗಿಸಿ. ದೂರವಾದರೆ ಅದರಿಂದ ಒಮ್ಮೆ ಗುಣಿಸಿ, ವಿಸ್ತೀರ್ಣವಾದರೆ ಎರಡು ಸಲ.

ಎರಡನೆಯದು ಇದರ ತಿರುಗುಮುರುಗು. ಗದ್ದೆಯ ಕೆಸರು ಉಂಗುರಗಳಲ್ಲಿ ಗಟ್ಟಿಯಾಗಿ ಕೂತರೆ, ಕೊಂಡಿ ಬಾಗಿದರೆ ಸರಪಳಿ ಮೊಟಕಾಗುತ್ತದೆ, ಜಮೀನು ಹೆಚ್ಚು ತೋರುತ್ತದೆ. ಬೆಳಿಗ್ಗೆ ಒಣ ಹೊಲದಲ್ಲೂ ಮಧ್ಯಾಹ್ನ ನೀರು ಕಟ್ಟಿದ ಗದ್ದೆಯಲ್ಲೂ ಅದೇ ಸರಪಳಿ ಎಳೆದರೆ ಎರಡು ಲೆಕ್ಕ ಬಂದೇ ಬರುತ್ತದೆ.

ಪಾಲು ಹಾಕುವಾಗ ಇದರ ಪೆಟ್ಟು ಯಾರಿಗೆ ಬೀಳುತ್ತದೆ ನೋಡಿ. ಮೂವರಿಗೂ ತಲಾ ಎರಡು ಸರಪಳಿ ಅಗಲ ಬರಬೇಕು, ಸರಪಳಿ 4 ಅಂಗುಲ ಹಿಗ್ಗಿದೆ. ಮೊದಲ ಇಬ್ಬರಿಗೆ 8 ಅಂಗುಲ ಹೆಚ್ಚಿಗೆ ಹೋಗುತ್ತದೆ, ಕೊನೆಯವನಿಗೆ 16 ಅಂಗುಲ ಖೋತಾ. ಹೊಲದ ಉದ್ದ 600 ಅಡಿಯಾದರೆ ಅವನು ಕಳೆದುಕೊಳ್ಳುವುದು 800 ಚದರ ಅಡಿ, ಮುಕ್ಕಾಲು ಗುಂಟೆಗೆ ಚೂರು ಕಡಿಮೆ. ಆದ್ದರಿಂದ ಒಂದು ಬದಿಯಿಂದ ಅಳೆದುಕೊಂಡು ಹೋಗಿ ಉಳಿದದ್ದನ್ನು ಕೊನೆಯವನಿಗೆ ಬಿಡಬಾರದು. ಮೊದಲು ಒಟ್ಟು ಅಗಲ ಅಳೆದು, ಅದನ್ನು ಮೂರಾಗಿ ಭಾಗಿಸಿ, ಆಮೇಲೆ ಕಲ್ಲು ಹಾಕಿಸಿ. ಆಗ ಸರಪಳಿ ಹಿಗ್ಗಿದ್ದರೂ ಕುಗ್ಗಿದ್ದರೂ ಮೂವರಿಗೂ ಒಂದೇ ಸಮ.

ಜನ ಗೆರೆ ಅತ್ತಿತ್ತ ಹೋಯಿತೆಂದು ಜಗಳ ತೆಗೆಯುತ್ತಾರೆ. ಒಂದು ಸರಪಳಿಗೆ ಒಂದು ಅಡಿ ಪಕ್ಕಕ್ಕೆ ಸರಿದರೂ ದೂರದಲ್ಲಿ ಆಗುವ ತಪ್ಪು ಅಂಗುಲದ ಹತ್ತನೇ ಒಂದಕ್ಕಿಂತ ಕಡಿಮೆ. ಹತ್ತಕ್ಕೆ ಒಂದು ಏರು ಇರುವ ಇಳಿಜಾರಿನಲ್ಲಿ ಸರಪಳಿಯನ್ನು ನೆಲಕ್ಕೇ ಹಾಸಿ ಅಳೆದರೆ ಅರ್ಧ ಕೊಂಡಿ, 4 ಅಂಗುಲ ಹೆಚ್ಚಿಗೆ ಬರುತ್ತದೆ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಮತಟ್ಟು ಹಿಡಿದು ಅಳೆಯಬೇಕು. ಒಂದು ಕಡ್ಡಿ ಪೊದೆಯಲ್ಲಿ ಮರೆತರೆ ಮಾತ್ರ 66 ಅಡಿಯೇ ಹೋಯಿತು. ಅಳತೆಗಾರನ ಕಣ್ಣು ಗೆರೆಗಿಂತ ಕಡ್ಡಿಗಳ ಮೇಲಿರಬೇಕು. ಕೈಯಲ್ಲಿರುವುದು, ನೆಲದಲ್ಲಿರುವುದು ಸೇರಿ ಹತ್ತು ಆಗಬೇಕು.

ಸರಪಳಿ ಪರೀಕ್ಷೆಗೆ ಗಟ್ಟಿ ನೆಲದ ಮೇಲೆ ಉಕ್ಕಿನ ಟೇಪಿನಿಂದ 66 ಅಡಿ ಅಳೆದು ಎರಡು ಗುರುತು ಮಾಡಿಟ್ಟುಕೊಳ್ಳಿ. ಕೆಲಸಕ್ಕೆ ಮೊದಲು, ಮುಗಿದ ಮೇಲೆ ಎರಡೂ ಸಲ ಹಾಸಿ ನೋಡಿ. ಹಿಗ್ಗಿದ್ದರೆ ಬಾಯಿ ಬಿಟ್ಟ ಉಂಗುರ ಬಡಿದು ಮುಚ್ಚಿ, ಸಾಲದಿದ್ದರೆ ಒಂದೆರಡು ಉಂಗುರ ತೆಗೆಯಿರಿ. ಕುಗ್ಗಿದ್ದರೆ ತೊಳೆದು, ಬಾಗಿದ ಕೊಂಡಿ ನೆಟ್ಟಗೆ ಮಾಡಿ. ಏನೇ ಮಾಡಿದರೂ ನಡು ಬಿಲ್ಲೆಯ ಎರಡೂ ಬದಿಗೆ ಸಮನಾಗಿ ಮಾಡಬೇಕು, ಇಲ್ಲವಾದರೆ ಒಟ್ಟು ಉದ್ದ ಸರಿಹೋಗಿ 50 ಮಾತ್ರ ತಪ್ಪು ಜಾಗದಲ್ಲಿ ಕೂರುತ್ತದೆ.

ಪಹಣಿಯ ವಿಸ್ತೀರ್ಣಕ್ಕೆ ಹೋಲಿಸುವ ಮುನ್ನ ಖರಾಬು (ಸಾಗುವಳಿಗೆ ಬಾರದ ನೆಲ) ಸೇರಿಸಿದ ಲೆಕ್ಕವೋ ಕಳೆದ ಲೆಕ್ಕವೋ ನೋಡಿಕೊಳ್ಳಿ. ಸರಪಳಿಯ ಮೇಲೆ ಹಾಕುವ ಆರೋಪದಲ್ಲಿ ಎಷ್ಟೋ ಪಾಲು ಅಲ್ಲಿಗೇ ತೀರುತ್ತದೆ.

ನಮ್ಮ ಹಳೆಯ ಸರ್ವೆ ಟಿಪ್ಪಣಿಯಲ್ಲಿ ಆಣೆ ಲೆಕ್ಕ ಇದೆ, ಕೊಂಡಿ ಇಲ್ಲ. ಕೊಳ್ಳೇಗಾಲದಲ್ಲಿ ಕೊಂಡ ಜಮೀನಿನ ಪತ್ರದಲ್ಲಿ ಸೆಂಟ್ ಇದೆ. ಯಾವುದು ಗುಂಟರನದು?
(ತಿ. ನರಸೀಪುರ)

ಎರಡೂ ಅವನ ಸರಪಳಿ ಹಿಡಿದ ಎಕರೆಯನ್ನೇ ಒಡೆದದ್ದು, ಒಡೆದ ರೀತಿ ಬೇರೆ. ಮೈಸೂರು ಸಂಸ್ಥಾನಕ್ಕೆ ಬಂದ ಮೋಜಣಿ (ಜಮೀನು ಅಳತೆ) ಪದ್ಧತಿ ಮುಂಬಯಿ ಪ್ರಾಂತ್ಯದ್ದು. ಅಲ್ಲಿ ಸರಪಳಿಯನ್ನು ಅರ್ಧ ಮಾಡಿ 33 ಅಡಿಗೆ ಇಳಿಸಿ, ಅದನ್ನು 16 ಆಣೆ ಮಾಡಿದರು. ರೂಪಾಯಿ ಲೆಕ್ಕ ಬಂದವನಿಗೆ ಇದೂ ಬರುತ್ತದೆ ಎಂಬ ಅನುಕೂಲ. 33 ಅಡಿಗೆ 33 ಅಡಿ ಒಂದು ಗುಂಟೆ, 1,089 ಚದರ ಅಡಿ. ಅಂಥ ನಾಲ್ಕು ಸೇರಿದರೆ ಗುಂಟರನ ಒಂದು ಚದರ ಸರಪಳಿ, ನಲವತ್ತು ಸೇರಿದರೆ ಎಕರೆ. ವಿಸ್ತೀರ್ಣದ ಒಂದು ಆಣೆ ಸುಮಾರು 68 ಚದರ ಅಡಿ. ಟಿಪ್ಪಣಿಯಲ್ಲಿ ಗೆರೆಯ ಪಕ್ಕದ ಆಣೆ ಉದ್ದದ್ದು, ಸುಮಾರು 24¾ ಅಂಗುಲ. ಎರಡನ್ನೂ ಕಲಸಬೇಡಿ.

ಕೊಳ್ಳೇಗಾಲ 1956ರವರೆಗೆ ಮದರಾಸಿನ ಕಡೆ ಇತ್ತು. ಅಲ್ಲಿ ಎಕರೆಗೆ 100 ಸೆಂಟ್. ಒಂದು ಸೆಂಟ್ ಎಂದರೆ ಸರಿಯಾಗಿ 1,000 ಚದರ ಕೊಂಡಿ, 435.6 ಚದರ ಅಡಿ. ಗುಂಟರ್ ಇಟ್ಟ ಚುಕ್ಕಿಯ ಲೆಕ್ಕ ಅಲ್ಲಿ ಹಾಗೆಯೇ ಉಳಿದಿದೆ. ಎರಡೂವರೆ ಸೆಂಟಿಗೆ ಒಂದು ಗುಂಟೆ.

ಹಣ ಕಳೆಯುವುದು ಈ ಸಂದಿಯಲ್ಲಿ. ಪತ್ರದಲ್ಲಿ 2.25 ಎಂದಿದ್ದರೆ ಮೈಸೂರಿನವರು ಎರಡು ಎಕರೆ ಇಪ್ಪತ್ತೈದು ಗುಂಟೆ ಎಂದು ಓದುತ್ತಾರೆ. ಅದು ಸೆಂಟಾಗಿದ್ದರೆ ಎರಡು ಎಕರೆ ಹತ್ತು ಗುಂಟೆ ಮಾತ್ರ. ಹದಿನೈದು ಗುಂಟೆ ಇಲ್ಲದ ನೆಲಕ್ಕೆ ದುಡ್ಡು ಕೊಟ್ಟಂತಾಯಿತು. ಚುಕ್ಕಿಯ ಆಚೆಗೆ 39ಕ್ಕಿಂತ ದೊಡ್ಡ ಸಂಖ್ಯೆ ಕಂಡರೆ ಅದು ಗುಂಟೆ ಆಗಲಾರದು. 39ರ ಒಳಗಿದ್ದರೆ ಮಾತ್ರ ಕೇಳಿ, ಅಕ್ಷರದಲ್ಲಿ ಬರೆಸಿಕೊಳ್ಳಿ. ಹಿಂದಿನ ಉದಾಹರಣೆಯ 2.43 ಎಕರೆಯನ್ನು ನಮ್ಮ ಲೆಕ್ಕಕ್ಕೆ ತರಲು .43ನ್ನು 40ರಿಂದ ಗುಣಿಸಿ: 17.2 ಗುಂಟೆ. ಉಳಿದ .2ನ್ನು 16ರಿಂದ: 3.2 ಆಣೆ. ಎರಡು ಎಕರೆ ಹದಿನೇಳು ಗುಂಟೆ ಮೂರು ಆಣೆ.

ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದಿದ್ದ ಲ್ಯಾಂಬ್ಟನ್ ದೇಶ ಅಳೆದದ್ದೂ ಇದೇ ಸರಪಳಿಯಿಂದಲೇ?
(ಶ್ರೀರಂಗಪಟ್ಟಣ)

ಅಲ್ಲ. ಯಾರ್ಕ್‌ಶೈರಿನ ವಿಲಿಯಂ ಲ್ಯಾಂಬ್ಟನ್ 33ನೇ ರೆಜಿಮೆಂಟಿನ ಅಧಿಕಾರಿಯಾಗಿ 1799ರಲ್ಲಿ ಅಲ್ಲಿದ್ದದ್ದು ನಿಜ. ರಾತ್ರಿ ದಾರಿ ತಪ್ಪಿದ ತುಕಡಿಗೆ ನಕ್ಷತ್ರ ನೋಡಿ ದಿಕ್ಕು ಹೇಳಿದ್ದಕ್ಕೆ ಹೆಸರಾದವನು. ಪರ್ಯಾಯದ್ವೀಪದ ಉದ್ದಗಲಕ್ಕೂ ತ್ರಿಕೋನ ಕಟ್ಟಿ ಅಳೆಯುವ ಯೋಜನೆಯನ್ನು ಅವನು ಮುಂದಿಟ್ಟದ್ದು ಆ ಯುದ್ಧ ಮುಗಿದ ಮೇಲೆ. ಅವನ ಸರಪಳಿ ಲಂಡನ್ನಿನ ಉಪಕರಣ ತಯಾರಕ ರಾಮ್ಸ್‌ಡನ್ ಮಾಡಿದ ಉಕ್ಕಿನದು: 100 ಅಡಿ, ಎರಡೂವರೆ ಅಡಿಯ 40 ಕೊಂಡಿ. ಅದನ್ನು ನೆಲಕ್ಕೆ ತಾಗಿಸುತ್ತಿರಲಿಲ್ಲ. ಮರದ ತೊಟ್ಟಿಗಳಲ್ಲಿ ಹಾಸಿ, ಬಿಸಿಲು ಬೀಳದಂತೆ ನೆರಳು ಮಾಡಿ, ಥರ್ಮಾಮೀಟರ್ ಇಟ್ಟು ಓದುತ್ತಿದ್ದರು. 20 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ 100 ಅಡಿ ಉಕ್ಕು ಕಾಲು ಅಂಗುಲಕ್ಕೂ ಹೆಚ್ಚು ಹಿಗ್ಗುತ್ತದೆ. ಹೊಲಕ್ಕೆ ಅದು ಲೆಕ್ಕವೇ ಅಲ್ಲ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಅಳೆದ ಏಳೂವರೆ ಮೈಲಿಯ ಗೆರೆಗೆ ಅಂಥ ಸುಮಾರು 400 ಸರಪಳಿ ಸೇರುತ್ತಿತ್ತು, ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಆ ಗೆರೆಯಿಂದ ತ್ರಿಕೋನ ಕಟ್ಟಿಕೊಂಡು ಬಂದು, 1804ರಲ್ಲಿ ಬೆಂಗಳೂರಿನ ಗೆರೆಯನ್ನು ನೇರ ಅಳೆದು ತಾಳೆ ನೋಡಿದಾಗ ಬಂದ ವ್ಯತ್ಯಾಸ 4 ಅಂಗುಲಕ್ಕಿಂತ ಕಡಿಮೆ.

ಗುಂಟರ್ ಸ್ಕೇಲ್ ಎಂದರೂ ಇದೇ ಸರಪಳಿಯೇ? ದಿಕ್ಸೂಚಿಗೂ ಅವನ ಹೆಸರು ಕೇಳಿದ್ದೇನೆ.
(ನಂಜನಗೂಡು)

ಸ್ಕೇಲು ಬೇರೆ. ಸುಮಾರು ಎರಡು ಅಡಿಯ ಮರದ ಪಟ್ಟಿ, ಮೇಲೆ ಲಾಗರಿತಮ್ (ಗುಣಾಕಾರವನ್ನು ಕೂಡುವಿಕೆಗೆ ಇಳಿಸುವ ಲೆಕ್ಕ) ಅಂತರದಲ್ಲಿ ಕೊರೆದ ಅಂಕಿಗಳು. ಕೈವಾರದ ಒಂದು ಕಾಲು 1ರ ಮೇಲೆ, ಇನ್ನೊಂದು 3ರ ಮೇಲೆ ಇಟ್ಟು, ಅಷ್ಟೇ ಅಗಲ ಹಿಡಿದು ಮೊದಲ ಕಾಲನ್ನು 2ಕ್ಕೆ ತಂದರೆ ಎರಡನೆಯದು 6ಕ್ಕೆ ಬೀಳುತ್ತದೆ, ಗುಣಾಕಾರ ಆಯಿತು. ಹಡಗಿನವರು ಇದನ್ನು ಎರಡು ಶತಮಾನಕ್ಕೂ ಹೆಚ್ಚು ಬಳಸಿದರು. ಕೈವಾರ ಬಿಟ್ಟು ಇಂಥ ಎರಡು ಪಟ್ಟಿಗಳನ್ನೇ ಒಂದರ ಪಕ್ಕ ಒಂದು ಜಾರಿಸಿದವನು ವಿಲಿಯಂ ಆಟ್ರೆಡ್, ಅದು ಸ್ಲೈಡ್ ರೂಲ್. 1620ರಲ್ಲಿ ಗುಂಟರ್ ಪ್ರಕಟಿಸಿದ ಸೈನ್, ಟ್ಯಾಂಜೆಂಟ್‌ಗಳ ಲಾಗ್ ಕೋಷ್ಟಕವೂ ಇದೇ ಸಂಸಾರದ್ದು. ಕೊಸೈನ್, ಕೊಟ್ಯಾಂಜೆಂಟ್ ಎಂಬ ಹೆಸರುಗಳು ಬಂದದ್ದೂ ಅಲ್ಲಿಂದ.

ದಿಕ್ಸೂಚಿಯ ವಿಷಯ: ಲಂಡನ್ನಿನಲ್ಲಿ ಮುಳ್ಳು ನಿಜ ಉತ್ತರದಿಂದ ಪೂರ್ವಕ್ಕೆ ಸುಮಾರು 11¼ ಡಿಗ್ರಿ ಓರೆ ಎಂದು 1580ರಲ್ಲಿ ವಿಲಿಯಂ ಬರೋ ಅಳೆದಿದ್ದ. 1622ರಲ್ಲಿ ಗುಂಟರ್ ಅಳೆದಾಗ ಸುಮಾರು 6 ಡಿಗ್ರಿ ಬಂತು. ಓರೆ ಕಾಲಕಾಲಕ್ಕೆ ಬದಲಾಗುತ್ತದೆ ಎಂದು ಖಚಿತವಾಗಿ ಹೇಳಿದ್ದು ಅವನ ಪೀಠಕ್ಕೆ ಬಂದ ಹೆನ್ರಿ ಗೆಲಿಬ್ರಾಂಡ್, 1635ರಲ್ಲಿ. ದಿಕ್ಸೂಚಿ ನೋಡಿ ಬರೆದ ಹಳೆಯ ನಕ್ಷೆಯನ್ನು ಇಂದಿನ ದಿಕ್ಸೂಚಿ ಹಿಡಿದು ನೆಲಕ್ಕೆ ಇಳಿಸಬಾರದು ಎನ್ನುವುದಕ್ಕೆ ಕಾರಣ ಇದು. ಒಂದು ಡಿಗ್ರಿ ತಪ್ಪಿದರೆ ಹತ್ತು ಸರಪಳಿ ದೂರದಲ್ಲಿ ಗಡಿ ಹನ್ನೊಂದೂವರೆ ಅಡಿ ಪಕ್ಕಕ್ಕೆ ಹೋಗುತ್ತದೆ.

ಕ್ರಿಕೆಟ್ ಪಿಚ್ಚಿಗೂ ಈ ಸರಪಳಿಗೂ ಸಂಬಂಧ ಇದೆಯಂತೆ, ಹೌದೇ?
(ಕೆ.ಆರ್. ನಗರ)

ಹೌದು. 22 ಗಜ, 66 ಅಡಿ, ಒಂದು ಸರಪಳಿ. ನಿಮ್ಮ ಕಾಲೇಜು ಮೈದಾನದಲ್ಲಿ ಅಳೆಯುವುದಾದರೆ ಸ್ಟಂಪಿನಿಂದ ಸ್ಟಂಪಿಗೆ ಹಿಡಿಯಿರಿ. ಬ್ಯಾಟ್ಸ್‌ಮನ್ ನಿಲ್ಲುವ ಕ್ರೀಸುಗಳು ಎರಡೂ ಕಡೆ ನಾಲ್ಕು ನಾಲ್ಕು ಅಡಿ ಒಳಗೆ ಇರುವುದರಿಂದ ಅಲ್ಲಿಂದ ಅಳೆದರೆ 58 ಅಡಿಯೇ ಸಿಗುವುದು.